ಅಡಗಿ ಮನ್ಯಾಗಿನ ಕಂಬ

ಸಗಣಿ ಸಾರಿಸಿದ ನೆಲದ ವಾಸನಿ, ಅದರಾಗ ಬಿಸಿ ರೊಟ್ಟಿ ವಾಸನಿ ಕೂಡಿ ಬಂತಂದ್ರ ನನಗ ಹಸಿವಾಗೂದಿಲ್ಲ, ನಾಚಿಕಿ ಬರತೈತಿ. ಯಾಕಂದ್ರ ಇಡೀ ಮನಿಯೊಂದನ್ನ ಬರೇ ಬಾಯಿಲೆ ಕಳದಾಂವ ನಾನು. ಮಂದಿ ಇಸ್ಪೀಟಾಡಿ ಮನಿ ಕಳಕೋತಾರ, ಕುಡದು ಕಳಕೋತಾರ. ನಾನು ಒಂದು ಮಾತಾಡಿ ಕಳದೆ. ಅವಾಗ ಇನ್ನಾ ಸಣ್ಣ ಹುಡುಗ ಖರೆ, ಆದ್ರ ಬಾಯಿ ದೊಡ್ಡದು. ನನ್ನ ನಾಲಿಗಿಗೆ ಹಗ್ಗ ಕಟ್ಟಿದ್ರ ಆ ಹಗ್ಗನೂ ಮಾತಾಡಾಕ ಸುರು ಮಾಡತಿತ್ತು.

ನಮ್ಮ ಮನಿ ಇದ್ದದ್ದು ಲಕ್ಷ್ಮೇಶ್ವರದ ಒಂದು ಹಳೇ ಗುಡಿಯೊಳಗ. ಗುಡಿ ಬಾಜೂಕಲ್ಲ, ಒಳಗ. ಪೂಜಾ ಮಾಡಕೊಂಡಿದ್ದ ನಮ್ಮ ಹಿರ್ಯಾರು ಯಾವ ಕಾಲದಾಗೋ ಹಿಂದಿನ ಮಂಟಪದ ಕಂಬಗಳ ನಡುವ ಮಣ್ಣಿನ ಗ್ವಾಡಿ ಎಬ್ಬಿಸಿ ಸಂಸಾರ ಹೂಡಿದ್ರು. ಬ್ಯಾಸಿಗ್ಯಾಗ ಆ ಕಲ್ಲಿಗೆ ಬೆನ್ನು ಹಚ್ಚಿದ್ರ ತಣ್ಣಗ, ನಿದ್ದಿ ತಾನ ಬರತಿತ್ತು. ಅಡಗಿ ಮನ್ಯಾಗಿನ ಕಂಬದಾಗ ಒಬ್ಬಾಕಿ ಕುಣಿಯೋ ಹೆಣ್ಣುಮಗಳಿದ್ಲು, ಕಲ್ಲಿನಾಕಿ, ಒಲಿ ಹೊಗಿ ಕುಡದು ಕಾಡಿಗಿಹಂಗ ಕರ್ರಗಾಗಿದ್ಲು. ಎತ್ತಿದ ಆಕಿ ಕೈಗೆ ಅಜ್ಜಿ ಸೌಟು ಸಿಗಸ್ತಿದ್ಲು. ರೊಟ್ಟಿ ಬಡಕೋತ ಆಕಿ ಜೋಡಿನ ಮಾತು: "ನಿನಗೇನವಾ, ಕುಣಕೋತ ನಿಂತಿ. ನನ್ನ ಸೊಸಿ ಆಗಿದ್ರ ಹಿಟ್ಟು ನಾದಸ್ತಿದ್ದೆ!" ಆದ್ರ ಆ ಅಡಗಿ ಮನಿ ಅಂದ್ರ ಖಡಕ್ ಮಡಿ. ಹೊರಗಿನವರು ಒಬ್ಬರೂ ಹೊಸ್ತಲಾ ದಾಟಿದ್ದಿಲ್ಲ. ಜಳಕಾ ಮಾಡದ ಹ್ವಾದ್ರ ನನಗೂ ಊದುಗೊಳವಿ ಏಟು.

ಸ್ವತಂತ್ರ ಬಂದು, ರಾಜರ ಸಂಸ್ಥಾನ ಹೋದ ಹೊಸದರಾಗ, ಹಳೇ ಗುಡಿಗಳನ್ನ ಕಾಯೋ ಇಲಾಖೆದ ಸಾಹೇಬ್ರು ಒಬ್ಬರು ಬಂದ್ರು. ಅಜ್ಜ ಅವರಿಗೆ ಗರ್ಭಗುಡಿ ತೋರಿಸಿದ, ಬಾಗಲಾ ತೋರಿಸಿದ, ಪ್ರಸಾದ ಕೊಟ್ಟ. "ಹಿಂದ ನಮ್ಮ ಮನಿರಿ, ನೋಡೂವಂಥಾದ್ದು ಏನಿಲ್ರಿ" ಅಂದ. ಸಾಹೇಬ್ರು ಬೂಟಿನ ಲಾಡಿ ಕಟ್ಟಾಕತ್ತಿದ್ರು. ಇನ್ನೊಂದು ಗಂಟು ಬಿದ್ದಿದ್ರ ಮನಿ ಉಳೀತಿತ್ತು. ಆದ್ರ ನಾನು ಇದ್ನಲ್ಲ!

"ಏನಿಲ್ಲಾ? ಸಾಹೇಬ್ರ, ನಮ್ಮ ಅಡಗಿ ಮನ್ಯಾಗೊಬ್ಬಾಕಿ ಅದಾಳ್ರಿ. ಆಕಿ ಮುಂದ ಇವೆಲ್ಲಾ ಏನೂ ಅಲ್ರಿ!"

ಅಜ್ಜ ನನ್ನ ಕಿವಿ ಹಿಂಡಿದ. ಸಾಹೇಬ್ರು ಲಾಡಿ ಬಿಚ್ಚಿದ್ರು.

ಮಡಿ ಕೆಟ್ಟಿತಂತ ಅಜ್ಜಿ ಬಡದಾಡ್ತಾಳ ಅಂತ ಅಂಜಿ ಅಜ್ಜ ಬಾಗಲದಾಗ ಅಡ್ಡ ನಿಂತ. ಅಜ್ಜಿ ತಾನ ಒಲಿ ಮುಂದಿಂದ ಎದ್ದು ಬಾಜೂಕ ಸರದ್ಲು. ಸಾಹೇಬ್ರು ಕರವಸ್ತ್ರಲೆ ಆ ಕಲ್ಲಿನಾಕಿ ಮಾರಿ ಒರಸಿ, "ಏನ್ ಚಂದ ಅದಾಳವಾ" ಅಂದ್ರು. ನಾನ ಕೆತ್ತಿದಾಂವನಹಂಗ ಎದಿ ಉಬ್ಬಿಸಿ ನಿಂತಿದ್ದೆ.

ಸ್ವಲ್ಪ ದಿನಕ್ಕ ಹುಕುಂ ಬಂತು. ಗುಡಿ ಇನ್ನ ಸರಕಾರದ ಕಾವಲಿನಾಗ; ಒಳಗ ಒಲಿ ಹಚ್ಚೂಹಂಗಿಲ್ಲ, ಯಾರೂ ಇರೂಹಂಗಿಲ್ಲ. ಮಣ್ಣಿನ ಗ್ವಾಡಿ ಬೀಳೂವಾಗ ದೊಡ್ಡ ಸಪ್ಪಳ ಸೈತ ಆಗಲಿಲ್ಲ, ಬರೇ ಧೂಳು. ಗಾಣದ ಓಣ್ಯಾಗ ಒಂದು ಖೋಲಿ ಬಾಡಿಗಿ ಹಿಡದ್ವಿ. ಅಜ್ಜ ಪೂಜಾಕ್ಕ ಹೋಗಿ ಬರತಿದ್ದ, ಕಚೇರಿಗೆ ಹ್ವಾದಂಗ. ಮುಂದ ಏಕೀಕರಣ ಆತು, ಊರೆಲ್ಲಾ ಪೇಢೆ ಹಂಚಿದ್ರು, ಸರಕಾರ ಗುಡಿ ಮುಂದ ಹಾಕಿದ ಬೋರ್ಡೂ ಕನ್ನಡ ಆತು. ಅದನ್ನ ನೋಡಾಕಂತ ಅಜ್ಜಿನ್ನ ಕರಕೊಂಡು ಹ್ವಾದೆ. ತೊಳದು ತಿಕ್ಕಿದ ಆ ಕಂಬಕ್ಕ ಅಜ್ಜಿ ಕೈ ಚಾಚಿದ್ಲು. "ಮುಟ್ಟಬ್ಯಾಡ್ರಿ ಅಮ್ಮಾರ" ಅಂದ ಕಾವಲಿನಾಂವ. ನಿಮಗೂ ಇಂಥಾದೊಂದು ಜಾಗಾ ಇರಬೇಕು: ಎಲ್ಲಾ ಹಂಗ ಐತಿ, ಮೊದಲಿಗಿಂತ ಚಂದ ಐತಿ, ನೀವಷ್ಟ ಅಲ್ಲಿಲ್ಲ.

ಹೊಳ್ಳಿ ಬರೂವಾಗ ಅಜ್ಜಿ ದಣದು ಯಾರದೋ ಕಟ್ಟಿ ಮ್ಯಾಲೆ ಕುಂತ್ಲು. "ನನ್ನ ಬಾಯಿಲೆ ಹೋತಲ್ಲಬೇ" ಅಂದೆ.

"ಸುಮ್ನಿರಲೇ, ದೊಡ್ಡ ಮನಷ್ಯಾ ಬಂದ. ಲಗ್ನ ಆಗಿ ಬಂದಾಗಿಂದ ಆಕಿನ್ನ ಯಾರಿಗರೆ ತೋರಸಬೇಕಂತ ನನಗ ಜೀವಾ ತುಡೀತಿತ್ತು. ಮಡಿ ಮನಿಗೆ ಯಾರನ್ನ ಕರೀಲಿ? ಆ ಸಾಹೇಬ್ರು ಚಂದ ಅಂದಾಗನ ಗೊತ್ತಾತು ನನಗ, ಇನ್ನ ಈ ಮನಿ ನಮದಲ್ಲಂತ. ಹೋದ್ರ ಹೋಗ್ಲಿ, ಒಬ್ಬರರೆ ನೋಡಿದ್ರಲ್ಲಾ ಅನಿಸ್ತು."