ಕಸರಾನಿ ಮನೆಯ ಹಿತ್ತಿಲ ನಲ್ಲಿ

ಕಣ್ಣಾರೆ ಕಂಡೆ ಎಂದು ಶುರುವಾಗುವ ಕಥೆಗಳನ್ನು ಕೇಳಿದರೆ ನನಗೆ ಮೊದಲಿನಿಂದಲೂ ಮೈ ಉರಿಯುತ್ತಿತ್ತು. ಪೀಣ್ಯದ ಕಾರ್ಖಾನೆಯೊಂದರ ಸ್ಟೋರಿನಲ್ಲಿ ನಟ್ಟು ಬೋಲ್ಟು ಜೋಡಿಸಿಡುವ ಕೆಲಸದಿಂದ ಮೇಲೆ ಬಂದು ನೈರೋಬಿಯ ಔಷಧ ಕಂಪನಿಯಲ್ಲಿ ಖರೀದಿ ಮ್ಯಾನೇಜರ್ ಆದವನು ನಾನು. ಇರುವ ಮಾಲು ಎಲ್ಲಿಂದಲೋ ಬಂದಿರಲೇಬೇಕು. ಹಾಗಲ್ಲ ಎನ್ನುವವರು ಸುಳ್ಳರು, ಇಲ್ಲವೇ ಹುಡುಕಲು ಸೋಮಾರಿಗಳು ಎಂದು ನಂಬಿದ್ದೆ. ಈಗ ನಾನೇ ಅಂಥದ್ದೊಂದನ್ನು ಬರೆಯಲು ಕೂತಿದ್ದೇನೆ. ಅದಕ್ಕಾಗಿ ಇವತ್ತಿಗೂ ಸಿಟ್ಟಿದೆ.

ಎರಡು ಸಾವಿರದ ಇಸವಿ ಕಳೆದು ಏಳೆಂಟು ವರ್ಷವಾಗಿತ್ತು. ನಮ್ಮ ಕನ್ನಡದವರೆಲ್ಲ ಒಂದೇ ಕಡೆ ಫ್ಲಾಟುಗಳಲ್ಲಿ ಒತ್ತೊತ್ತಾಗಿ ಇದ್ದರೆ, ನಾನು ಚೌಕಾಸಿ ಮಾಡಿ ನೈರೋಬಿಯ ಹೊರವಲಯದ ಕಸರಾನಿಯಲ್ಲಿ ಹಿತ್ತಿಲಿರುವ ಒಂಟಿ ಮನೆ ಹಿಡಿದಿದ್ದೆ. ಅಲ್ಲಿಗೆ ಹೋಗುವವರಿಗೆ ಒಂದು ಮಾತು ಹೇಳಿಬಿಡುತ್ತೇನೆ. ಮನೆ ನೋಡುವಾಗ ಟೈಲ್ಸ್ ನೋಡಬೇಡಿ, ಮೇಲೆ ಹತ್ತಿ ನೀರಿನ ಟ್ಯಾಂಕು ಬಡಿದು ನೋಡಿ. ಖಾಲಿ ಟ್ಯಾಂಕು ಡೋಲಿನಂತೆ ಸದ್ದು ಮಾಡುತ್ತದೆ. ನಾನು ಬಡಿದಿದ್ದೆ, ತುಂಬಿತ್ತು. ಮಾಲೀಕರು ನಿವೃತ್ತ ಮೇಷ್ಟ್ರು, ಬೀದಿಯವರೆಲ್ಲ ಗೌರವದಿಂದ ‘ಮ್ವಾಲಿಮು’ ಎನ್ನುತ್ತಿದ್ದರು. ಅವರು ನಗುತ್ತ, ‘ಮಾಜಿ ಇಕೊ’, ನೀರಿದೆ, ಎಂದಿದ್ದರು. ನಾನು ಬರುವೆನೆಂದು ಹಿಂದಿನ ದಿನ ಟ್ಯಾಂಕರ್ ತರಿಸಿ ತುಂಬಿಸಿಟ್ಟಿದ್ದು ಅಗ್ರಿಮೆಂಟ್ ಆದ ಮೇಲೆ ತಿಳಿಯಿತು. ಹಾಗಾಗಿ ಇನ್ನೊಂದು ಮಾತು: ಹೇಳದೆ ಕೇಳದೆ ಎರಡನೇ ಸಲ ಹೋಗಿ ಬಡಿಯಿರಿ.

ಹಿತ್ತಿಲಲ್ಲಿ ಬಟ್ಟೆ ಒಗೆಯುವ ತೊಟ್ಟಿಯ ಮೇಲೆ ಒಂದು ನಲ್ಲಿ ಇತ್ತು. ಅದಕ್ಕೆ ಟ್ಯಾಂಕಿನಿಂದ ಬರುತ್ತಿದ್ದ ಪೈಪು ತುಕ್ಕು ಹಿಡಿದು ಸೋರುತ್ತಿತ್ತು. ಮ್ವಾಲಿಮು ರಿಪೇರಿ ಮಾಡಿಸಲಿಲ್ಲ. ನಾನೇ ಪಾನಾ ಹಿಡಿದು ಇಡೀ ಪೈಪು ಬಿಚ್ಚಿದೆ, ಟ್ಯಾಂಕಿನ ಕಡೆ ಬಿರಡೆ ಬಿಗಿದೆ. ಬಿಚ್ಚಿದ ಪೈಪನ್ನು ಬಟ್ಟೆ ಒಣಹಾಕುವ ಕಂಬ ಮಾಡಿದೆ. ನಲ್ಲಿ ಮಾತ್ರ ಕಾಂಪೌಂಡ್ ಗೋಡೆಯ ಸಿಮೆಂಟಿನಲ್ಲಿ ಕೂತಿತ್ತು. ಒಡೆದರೆ ಅಡ್ವಾನ್ಸಿನಲ್ಲಿ ಮುರಿದುಕೊಳ್ಳುತ್ತಾರೆಂದು ಬಿಟ್ಟೆ. ಮೊಣಕೈಯಂತೆ ಬಾಗಿದ ಅದರ ಹಿಂಬದಿ ಗೋಡೆಯಿಂದ ಪಕ್ಕಕ್ಕೆ ಬಾಯಿ ತೆರೆದು ನಿಂತಿತ್ತು. ಬೆರಳು ಹಾಕಿದರೆ ಒಳಗೆ ಹೋಗುತ್ತಿತ್ತು.

ಎರಡು ತಿಂಗಳ ನಂತರ ಹೆಂಡತಿ ಸುಮಾಗೆ ಹೆರಿಗೆಯಾಯಿತು. ಬಾಣಂತನಕ್ಕೆ ಮೈಸೂರಿನಿಂದ ಅತ್ತೆ ಬಂದಿದ್ದರು. ಅದೇ ಹೊತ್ತಿಗೆ ಬೀದಿಗೆ ಬರುತ್ತಿದ್ದ ನೀರು ನಿಂತುಹೋಯಿತು. ಒಂದು ವಾರ ಟ್ಯಾಂಕಿನ ನೀರನ್ನು ಚೊಂಬಿನ ಲೆಕ್ಕದಲ್ಲಿ ಬಳಸಿದೆವು. ಹೆರಿಗೆಯಾದ ಒಂಬತ್ತನೇ ದಿನ ಸುಮಾಗೆ ಜ್ವರ ಬಂತು. ಹೊಲಿಗೆ ಹಾಕಿದ ಜಾಗ ಕೆಂಪಾಗಿದೆ, ಶುಚಿಯಾಗಿಡದಿದ್ದರೆ ಮತ್ತೆ ಆಸ್ಪತ್ರೆಗೆ ಸೇರಿಸಬೇಕಾಗುತ್ತದೆ ಎಂದು ಡಾಕ್ಟರ್ ಗದರಿದರು. ಮನೆಯಲ್ಲಿ ಉಳಿದಿದ್ದು ಕುಡಿಯಲು ತಂದ ಎರಡು ಕ್ಯಾನು ನೀರು.

ಟ್ಯಾಂಕರಿನವನ ಜೊತೆ ಮೊದಲೇ ಮಾತಾಡಿದ್ದೆ. ಬೀದಿಯವರೆಲ್ಲ ಕೊಡುವ ರೇಟಿಗಿಂತ ಕಡಿಮೆಗೆ ಒಪ್ಪಿಸಿದ್ದೆ, ಅದನ್ನು ಆಫೀಸಿನಲ್ಲಿ ಹೇಳಿಕೊಂಡೂ ಇದ್ದೆ. ಅವನು ದಿನಾ ‘ಕೆಶೊ, ಬಾಸ್’, ನಾಳೆ, ಎನ್ನುತ್ತಲೇ ಇದ್ದ. ಹತ್ತನೇ ದಿನ ಅವನ ಲಾರಿ ಮೂರನೇ ಮನೆಗೆ ನೀರು ಬಿಟ್ಟು ಹೊರಟಿದ್ದು ಕಂಡು ಅಡ್ಡ ನಿಂತೆ. ಅವನು ಇಂಜಿನ್ ನಿಲ್ಲಿಸಲೂ ಇಲ್ಲ.

“ನಿನಗೆ ಬೇಕಿದ್ದದ್ದು ನೀರಾ, ಗೆಲುವಾ? ಗೆದ್ದಿದೀಯ, ಮನೆಗೆ ಹೋಗು” ಎಂದ.

ಕಾಲರ್ ಹಿಡಿಯಬೇಕೆನಿಸಿತು. ಒಳಗೆ ಬಂದರೆ ಅತ್ತೆ ಇನ್ನೊಂದು ಸುತ್ತು ಶುರು ಮಾಡಿದರು. “ಅಳಿಯಂದ್ರು ಸೂಜಿ ಕೊಳ್ಳೋಕೂ ನಾಲ್ಕು ಅಂಗಡಿ ಸುತ್ತುತಾರೆ, ಭಾಳ ಜಾಣರು ಅಂತ ಮದುವೇಲಿ ಹೇಳಿದ್ರು. ಬಾಣಂತಿಗೆ ಒಂದು ಕೊಡ ನೀರಿಲ್ಲ. ನಾಳೆ ಹನ್ನೊಂದನೇ ದಿನ, ತಾಯಿ ಮಗೂಗೆ ಎರೀಲೇಬೇಕು. ಏನು ಮಾಡ್ತೀರೋ ನೋಡಿ.”

ಮರುದಿನ ಬೆಳಿಗ್ಗೆ ಕಂಪನಿಯ ಪಿಕಪ್ಪಿನಲ್ಲಿ ಖಾಲಿ ಕ್ಯಾನುಗಳನ್ನು ಹೇರಿಕೊಂಡು ಸ್ನೇಹಿತರ ಫ್ಲಾಟಿಗೆ ಹೊರಟೆ. ಹೊರಡುವ ಮುಂಚೆ ಟ್ಯಾಂಕು ಬಡಿದೆ. ಡೋಲು. ಮುಚ್ಚಳ ತೆಗೆದು ನೋಡಿದೆ, ತಳದ ಕೆಸರು ಬಿರುಕು ಬಿಟ್ಟಿತ್ತು. ದಾರಿಯಲ್ಲಿ ಮಟಾಟು ಮಿನಿಬಸ್ಸುಗಳ ನಡುವೆ ಸಿಕ್ಕಿಕೊಂಡು, ಕ್ಯಾನು ತುಂಬಿಸಿಕೊಂಡು ವಾಪಸು ಬಂದಾಗ ಮಧ್ಯಾಹ್ನ ಎರಡು ಗಂಟೆ.

ಮನೆಯಲ್ಲಿ ಸಾಂಬ್ರಾಣಿ ಹೊಗೆ ತುಂಬಿತ್ತು. ಸುಮಾ ತಲೆಗೆ ಬಟ್ಟೆ ಕಟ್ಟಿಕೊಂಡು ಮಲಗಿದ್ದಳು, ಮಗು ನಿದ್ದೆ ಹೋಗಿತ್ತು. ಬಚ್ಚಲಿನ ನೆಲ ಒದ್ದೆಯಾಗಿತ್ತು. ಖಾಲಿಯಿದ್ದ ನೀಲಿ ಡ್ರಮ್ಮು ಕಂಠದವರೆಗೆ ತುಂಬಿತ್ತು.

“ನೀರೆಲ್ಲಿಂದ ಬಂತು ಅತ್ತೆ?”

“ಹಿಂದಿನ ನಲ್ಲೀಲಿ ಬಂತಲ್ಲ. ಭಾಳ ನಿಧಾನ. ಒಂದು ಬಕೀಟು ತುಂಬೋಕೆ ಒಂದು ಸಹಸ್ರನಾಮ ಮುಗೀತು. ಒಂಚೂರು ರಿಪೇರಿ ಮಾಡಿಸಬಾರದಾ?”

ಅತ್ತೆ ಬರುವ ಮೊದಲೇ ನಾನು ಪೈಪು ಬಿಚ್ಚಿದ್ದೆ. ಆ ನಲ್ಲಿಯ ಹಿಂದೆ ಏನೂ ಇಲ್ಲವೆಂದು ಅವರಿಗೆ ಗೊತ್ತಿರಲಿಲ್ಲ. ಹಿತ್ತಿಲಿಗೆ ಹೋದೆ. ನಲ್ಲಿಯ ಬಾಯಲ್ಲಿ ಒಂದು ಹನಿ ನೇತಾಡುತ್ತಿತ್ತು, ಕೆಳಗಿನ ತೊಟ್ಟಿ ಒದ್ದೆಯಾಗಿತ್ತು. ತಿರುಗಿಸಿದೆ, ಏನೂ ಬರಲಿಲ್ಲ. ಬಗ್ಗಿ ಹಿಂಬದಿಯ ತೆರೆದ ಬಾಯಿ ನೋಡಿದೆ. ಅದಕ್ಕೆ ಅಡ್ಡಲಾಗಿ ಜೇಡ ಬಲೆ ನೇಯ್ದಿತ್ತು. ಒಂದು ಎಳೆಯೂ ಹರಿದಿರಲಿಲ್ಲ, ಧೂಳು ಕೂಡ ಒಣಗಿಯೇ ಇತ್ತು.

ನೀವು ಏನು ಹೇಳುತ್ತೀರೆಂದು ನನಗೆ ಗೊತ್ತು, ಅವನ್ನೆಲ್ಲ ಹೇಳಿಸಿಕೊಂಡಾಗಿದೆ. ಪಕ್ಕದವರು ಕೊಟ್ಟಿರಬಹುದು ಎಂದರು. ಪಕ್ಕದವರೇ ಅವತ್ತು ನನ್ನ ಹತ್ತಿರ ಒಂದು ಕ್ಯಾನು ಕೇಳಿ ಪಡೆದರು. ಮ್ವಾಲಿಮು ಕಳಿಸಿರಬಹುದು ಎಂದರು. ಗೇಟಿಗೆ ಒಳಗಿನಿಂದ ಬೀಗ, ನನ್ನ ದನಿ ಕೇಳದೆ ಅತ್ತೆ ತೆಗೆಯುತ್ತಿರಲಿಲ್ಲ. ಒಬ್ಬ ಇಂಜಿನಿಯರ್ ಮಹಾಶಯನಂತೂ “ಪೈಪಲ್ಲಿ ಉಳಿದಿದ್ದ ನೀರಿರ್ಬೇಕು ಬಿಡಿ ಸಾರ್” ಎಂದ. ಯಾವ ಪೈಪು? ಅದರ ಮೇಲೆ ನನ್ನ ಬನಿಯನ್ ಒಣಗುತ್ತಿತ್ತು. ಸುಮಾಳನ್ನೂ ಕೇಳಿದೆ. ಬಕೆಟ್ಟಿಗೆ ನೀರು ಬೀಳುವ ಸದ್ದು ಬೆಳಗಿನಿಂದ ಕೇಳುತ್ತಿತ್ತು, ಅದನ್ನೇ ಕೇಳುತ್ತ ನಿದ್ದೆ ಬಂತು ಎಂದಳು. ಸಂಜೆಗೆ ಜ್ವರ ಇಳಿದಿತ್ತು.

ಡ್ರಮ್ಮಿನ ನೀರನ್ನು ಒಂದು ಬಾಟಲಿಯಲ್ಲಿ ನಮ್ಮ ಲ್ಯಾಬಿಗೆ ಒಯ್ದೆ. ಅಲ್ಲಿನ ಕೆಮಿಸ್ಟ್ ಪರೀಕ್ಷೆ ಮಾಡಿ, “ಚೆನ್ನಾಗಿದೆ. ಯಾರು ಸಪ್ಲೈಯರ್? ನಮಗೂ ಹೇಳಿ” ಎಂದ. ಹದಿನೈದು ವರ್ಷ ಖರೀದಿ ವಿಭಾಗದಲ್ಲಿದ್ದವನು ಲೇಬಲ್ಲಿನಲ್ಲಿ ಸಪ್ಲೈಯರ್ ಹೆಸರಿನ ಜಾಗ ಖಾಲಿ ಬಿಟ್ಟು ಬಾಟಲಿ ವಾಪಸು ತಂದೆ. ನನ್ನ ಸಿಟ್ಟು ಇದರ ಮೇಲೆಯೇ. ನಾನು ಕೇಳಿಕೊಂಡ ನೀರು, ಗೋಗರೆದ ನೀರು, ರೇಟು ಇಳಿಸಿದ ನೀರು ಬರಲಿಲ್ಲ. ನಾನು ಮನೆಯಲ್ಲಿಲ್ಲದಾಗ, ನನ್ನನ್ನು ಒಂದು ಮಾತೂ ಕೇಳದೆ, ನಾನೇ ಕೆಡಿಸಿಟ್ಟ ನಲ್ಲಿಯಲ್ಲಿ ಬಂತು.

ಮರುದಿನ ಟ್ಯಾಂಕರಿನವನಿಗೆ ಅವನ ರೇಟೇ ಕೊಡುತ್ತೇನೆಂದು ಫೋನ್ ಮಾಡಿದೆ. ಗಂಟೆಯೊಳಗೆ ಬಂದ. ಹೊಸದಾಗಿ ಹೋಗುವವರಿಗೆ ಇದು ಕೊನೆಯ ಮಾತು: ಸೋಫಾಗೆ ಚೌಕಾಸಿ ಮಾಡಿ, ಬಾಡಿಗೆಗೆ ಮಾಡಿ, ನೀರಿಗೆ ಬೇಡ.

ಅತ್ತೆಗೆ ನಾನು ನಿಜ ಹೇಳಲಿಲ್ಲ. ಎಲ್ಲಿಯದೋ ನೀರನ್ನು ಬಾಣಂತಿಗೆ ಎರೆದೆನೆಂದು ಅವರು ಹೆದರಿಯಾರು ಎನಿಸಿತು. ಮೈಸೂರಿನಿಂದ ಫೋನ್ ಮಾಡಿದಾಗೆಲ್ಲ, “ಆ ನಲ್ಲಿ ಸರಿ ಮಾಡಿಸಿದ್ರಾ?” ಎಂದು ಕೇಳುತ್ತಿದ್ದರು. ಮಾಡಿಸ್ತೀನಿ ಅತ್ತೆ ಎನ್ನುತ್ತಿದ್ದೆ.

ಎರಡು ವರ್ಷದ ಮೇಲೆ ಮನೆ ಬಿಡುವಾಗ ಮ್ವಾಲಿಮು ಎಲ್ಲವನ್ನೂ ಪರಿಶೀಲಿಸುತ್ತ ಹಿತ್ತಿಲಿಗೆ ಬಂದರು. ಪೈಪಿಲ್ಲದ ನಲ್ಲಿ ಕಂಡು, ಇದು ಇನ್ನೇಕೆ, ಕಿತ್ತುಬಿಡುತ್ತೇನೆ ಎಂದರು. ಕೀಳಬೇಡಿ ಎಂದೆ. ಏಕೆಂದು ಕೇಳಿದರು. ಇರಲಿ ಬಿಡಿ ಎಂದೆ. ಅವರು ಅತ್ತ ಹೋದ ಮೇಲೆ ನಲ್ಲಿಯ ತಿರುಪನ್ನು ಮುಟ್ಟಿ ನೋಡಿದೆ, ಸ್ವಲ್ಪ ಸಡಿಲವಿತ್ತು. ಪೋಲಾಗದಿರಲಿ ಎಂದು ಬಿಗಿಯಾಗಿ ಮುಚ್ಚಿ ಬಂದೆ.