ಗಸಗಸೆ ಹೂ ಚುಚ್ಚಿಕೊಂಡು ಡ್ಯಾನ್‌ವಿಲ್‌ಗೆ

ಮಾರ್ಗನ್ ಹಿಲ್ ಬಿಟ್ಟಾಗ ಬೆಳಿಗ್ಗೆ ಒಂಬತ್ತೂವರೆ. ಮೇ ತಿಂಗಳ ಕೊನೆಯ ಸೋಮವಾರ, ಅಮೆರಿಕದಲ್ಲಿ ಮೆಮೋರಿಯಲ್ ಡೇ ರಜೆ. ಸತ್ತ ಸೈನಿಕರನ್ನು ನೆನೆಯುವ ದಿನವೆಂದು ನನ್ನ ತಂಗಿಯ ಮಗಳು ಸವಿತಾ ಹೇಳಿದಳು. ಹೇಳಿದ ಮರುಗಳಿಗೆಯಲ್ಲೇ ಅದೇ ದಿನದ ಹೆಸರಿನಲ್ಲಿ ಹಾಸಿಗೆಗಳಿಗೂ ಫ್ರಿಜ್ಜುಗಳಿಗೂ ಬಿಟ್ಟಿದ್ದ ರಿಯಾಯಿತಿಯನ್ನು ಫೋನಿನಲ್ಲಿ ತೋರಿಸಿದಳು. ನನಗೆ ಬೆಳಿಗ್ಗೆಯೇ ಮೈ ಉರಿಯಿತು.

ಕಾರಿನಲ್ಲಿ ನಾಲ್ವರಿದ್ದೆವು: ಸವಿತಾ, ಅವಳ ಗಂಡ ಗಿರೀಶ, ಹದಿನಾರು ವರ್ಷದ ಮಗಳು ಅನಿಕಾ, ಮತ್ತು ಮಾರ್ಗನ್ ಹಿಲ್‌ನ ಅವರ ಮನೆಯಲ್ಲಿ ಎರಡು ತಿಂಗಳು ಇದ್ದು ಹೋಗಲು ಹಾಸನ ಜಿಲ್ಲೆಯಿಂದ ಬಂದಿದ್ದ ನಾನು. ಮೊದಲು ಲಿವರ್‌ಮೋರ್‌ನ ದೇವಸ್ಥಾನ, ಆಮೇಲೆ ಡ್ಯಾನ್‌ವಿಲ್‌ನಲ್ಲಿ ಗಿರೀಶನ ಮೇಲಧಿಕಾರಿ ಮೋಹನ್ ಅವರ ಮನೆಯಲ್ಲಿ ಊಟ ಎಂದು ಗೊತ್ತುಮಾಡಿದ್ದರು.

ಹಣ್ಣು ಕೊಳ್ಳಲು ದಾರಿಯ ಒಂದು ಗ್ರೋಸರಿ ಅಂಗಡಿಯ ಮುಂದೆ ನಿಲ್ಲಿಸಿದೆವು. ಬಾಗಿಲ ಬಳಿ ಮಡಚುವ ಕುರ್ಚಿ ಹಾಕಿಕೊಂಡು ಒಬ್ಬ ಮುದುಕ ಕೂತಿದ್ದ. ಮುಂದೆ ಒಂದು ಡಬ್ಬಿ, ಒಂದು ತಟ್ಟೆ ತುಂಬ ಕೆಂಪು ಕಾಗದದ ಹೂವು. ಜನ ತಳ್ಳುಗಾಡಿಯಲ್ಲಿ ಇದ್ದಿಲಿನ ಚೀಲ, ಬಿಯರ್ ಡಬ್ಬ ತುಂಬಿಕೊಂಡು ಅವನನ್ನು ಸುತ್ತುಹಾಕಿ ಹೋಗುತ್ತಿದ್ದರು.

"ಪಾಪಿ, ದೊಡ್ಡಮ್ಮ," ಅಂದಳು ಸವಿತಾ.

"ಯಾರೇ ಪಾಪಿ? ಪಾಪ, ಏನು ಮಾಡಿದ ಅವನು?" ಅಂದೆ.

ಅವಳು ನಕ್ಕು, ಹೂವಿನ ಹೆಸರೇ ಅದು, ನಮ್ಮ ಗಸಗಸೆ ಜಾತಿಯದು ಎಂದು ವಿವರಿಸಿದಳು. ಮೊದಲ ಮಹಾಯುದ್ಧದಲ್ಲಿ ಗೋರಿಗಳ ನಡುವೆ ಅರಳಿತ್ತಂತೆ. ಸತ್ತವರ ನೆನಪಿಗೆ ಇದನ್ನು ಬ್ರಿಟಿಷರೂ ಇಲ್ಲಿಯವರೂ ಎದೆಗೆ ಚುಚ್ಚಿಕೊಳ್ಳುತ್ತಾರಂತೆ. ನಾನು ಡಬ್ಬಿಗೆ ಒಂದು ನೋಟು ಹಾಕಿ, ನಮ್ಮ ಯಜಮಾನರೂ ಸೈನ್ಯದಲ್ಲಿದ್ದರು, ಮೂವತ್ತೊಂದನೇ ವಯಸ್ಸಿಗೇ ಹೋದರು ಅಂತ ಹೇಳು ಎಂದೆ. ಹಾಗೆ ಹೇಳಬೇಕು ಅಂತ ಯಾಕೆ ಅನಿಸಿತೋ ಗೊತ್ತಿಲ್ಲ. ಮುದುಕ ಕುರ್ಚಿಯ ಕೈ ಹಿಡಿದು ಎದ್ದು ನಿಂತ. ಸವಿತಾ ಅವನ ಮಾತನ್ನು ಹೀಗೆ ತಿಳಿಸಿದಳು: "ಇವರ ಜೊತೆ ಸೈನ್ಯದಲ್ಲಿದ್ದವರು ಗುಂಡಿಗೆ ಸಾಯಲಿಲ್ವಂತೆ, ಕ್ಯಾಂಪಿನಲ್ಲಿ ಜ್ವರ ಬಂದು ಹೋದರಂತೆ. ಅವರಿಗೂ ಇದೇ ಹೂವು ಅಂತಿದಾರೆ."

ನಾನು ಸೆರಗಿಗೆ ಚುಚ್ಚಿಕೊಂಡೆ. ಅನಿಕಾಳಿಗೂ ಒಂದು ಕೊಡಲು ಹೋದರೆ ಅವಳು ಕೈ ಹಿಂದಕ್ಕೆ ಎಳೆದುಕೊಂಡಳು. "ನೋ ಅಜ್ಜಿ. ಇಟ್ಸ್ ಲೈಕ್ ಸೇಯಿಂಗ್ ವಾರ್ ಈಸ್ ಓಕೆ." ಯುದ್ಧ ಸರಿ ಅಂದ ಹಾಗಾಗುತ್ತದಂತೆ. ಈ ಮಗುವಿಗೆ ಏನು ಗೊತ್ತು ಅಂತ ಅವಳ ಮೇಲೂ ಸಿಟ್ಟು ಬಂತು.

ಫ್ರೀವೇಯಲ್ಲಿ ಒಂದು ಗಂಟೆಗೂ ಮಿಕ್ಕ ದಾರಿ. ಲಿವರ್‌ಮೋರ್ ಬರುವಷ್ಟರಲ್ಲಿ ಗುಡ್ಡದ ಹುಲ್ಲೆಲ್ಲ ಒಣಗಿ ಹಳದಿಯಾಗಿತ್ತು, ಕಾರಿನಿಂದಿಳಿದರೆ ಬಯಲುಸೀಮೆಯ ಬಿಸಿಲು. ದೇವಸ್ಥಾನದಲ್ಲಿ ಮಂಡ್ಯದ ಹೆಂಗಸೊಬ್ಬರು ನನ್ನ ಹೂವು ನೋಡಿ, "ಯಾವ ದೇವರ ಪ್ರಸಾದ ಇದು?" ಎಂದು ಕೇಳಿದರು. ಸೈನಿಕರದು ಅಂದೆ. ಅವರು ತಟ್ಟನೆ ಹೂವು ಮುಟ್ಟಿ ಕಣ್ಣಿಗೊತ್ತಿಕೊಂಡರು. ಪುಳಿಯೋಗರೆ ತಿಂದು ಹನ್ನೆರಡಕ್ಕೆ ಹೊರಟು, ಅರ್ಧ ಗಂಟೆಯಲ್ಲಿ ಡ್ಯಾನ್‌ವಿಲ್ ಸೇರಿದೆವು.

ಮೋಹನ್ ಅವರ ಮನೆಯ ಹಿತ್ತಿಲಲ್ಲಿ ಇಪ್ಪತ್ತು ಜನ ಸೇರಿದ್ದರು. ಒಂದು ಕಡೆ ಒಲೆಯ ಮೇಲೆ ಮುಸುಕಿನ ಜೋಳ, ಪನೀರು ಸುಡುತ್ತಿದ್ದರು. ಮೇಜಿನ ಮೇಲೆ ಬಿಸಿಬೇಳೆಬಾತ್ ಇತ್ತು, ಕೇಕುಗಳಿಗೆ ಪುಟ್ಟ ಬಾವುಟ ಚುಚ್ಚಿದ್ದರು.

"ಏನಾಂಟಿ, ಬ್ರಿಟಿಷರ ಹೂವು ಹಾಕ್ಕೊಂಡು ಬಂದಿದೀರಾ?" ಅಂದರು ಮೋಹನ್. ಬೆಂಗಳೂರಿನವರು, ನಲವತ್ತೈದರ ಆಸುಪಾಸಿನ ಮನುಷ್ಯ. ಸವಿತಾ ನಮ್ಮ ಯಜಮಾನರ ವಿಷಯ ಹೇಳಿದಳು. ತಕ್ಷಣ ಅವರು ಚಪ್ಪಾಳೆ ತಟ್ಟಿ ಎಲ್ಲರನ್ನೂ ಕರೆದರು. "ಕೇಳಿ ಕೇಳಿ, ನಮ್ಮ ಮಧ್ಯೆ ಒಬ್ಬ ವೀರಪತ್ನಿ ಇದಾರೆ." ಜನ ಸುತ್ತ ಸೇರಿದರು. ಫೋನುಗಳು ಮೇಲೆದ್ದವು.

"ಯಾವ ಯುದ್ಧದಲ್ಲಿ ಆಂಟಿ?"

"ಯುದ್ಧ ಇರಲಿಲ್ಲ. ಲಾರಿ ಡ್ರೈವರ್ ಆಗಿದ್ರು. ಮೇಲಿನ ಠಾಣೆಗೆ ಅಕ್ಕಿ, ಸೀಮೆಎಣ್ಣೆ ಒಯ್ತಿದ್ರು. ಮಂಜಿಗೆ ರಸ್ತೆಯ ಅಂಚು ಕುಸಿದು ಲಾರಿ ಕಣಿವೆಗೆ ಹೋಯ್ತು."

"ಓ, ಆಕ್ಸಿಡೆಂಟು," ಅಂದರು ಮೋಹನ್. ಫೋನುಗಳು ಒಂದೊಂದಾಗಿ ಕೆಳಗಿಳಿದವು. ಅವರು ಒಲೆಯ ಕಡೆ ತಿರುಗಿ ಜೋಳ ಮಗುಚಿದರು.

ಆ ಮಾತನ್ನು ನಾನು ಮೊದಲ ಸಲ ಕೇಳಿದ್ದಲ್ಲ. ನಮ್ಮೂರಿನಲ್ಲಿ ಹುತಾತ್ಮರ ಕಲ್ಲು ನಿಲ್ಲಿಸಿದಾಗ ನಮ್ಮ ಯಜಮಾನರ ಹೆಸರು ಬಿಟ್ಟಿದ್ದರು. ಕೇಳಲು ಹೋದರೆ ಇದೇ ಉತ್ತರ ಬಂತು. ಆಗ ನಾನು ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತೆ. ತಲೆ ತಗ್ಗಿಸಿ ವಾಪಸು ಬಂದಿದ್ದೆ. ಆ ತಲೆ ತಗ್ಗಿಸಿದ್ದರ ಮೇಲಿನ ಸಿಟ್ಟು ಇಂದಿಗೂ ಆರಿಲ್ಲ.

ಊಟದ ನಡುವೆ ಗಡಿಯ ಮಾತು ಬಂತು. "ಮಾತುಕತೆ ಎಲ್ಲ ವೇಸ್ಟು. ಒಂದು ಸಲ ನುಗ್ಗಿ ಹೊಡೆದು ಮುಗಿಸಬೇಕು," ಅಂದರು ಮೋಹನ್, ಚಟ್ನಿ ಬಡಿಸಿಕೊಳ್ಳುತ್ತಾ.

ನಾನು ತಟ್ಟೆ ಕೆಳಗಿಟ್ಟೆ. "ನುಗ್ಗೋದಕ್ಕೆ ನಿಮ್ಮ ಮನೆಯಿಂದ ಯಾರು ಹೋಗ್ತಾರೆ, ಮೋಹನ್?"

ಅವರು ನಕ್ಕರು. ಬೇರೆ ಯಾರೂ ನಗಲಿಲ್ಲ.

"ನುಗ್ಗೋರಿಗೆ ಅನ್ನ ಬೇಕಲ್ಲ? ಅದನ್ನ ಹೊತ್ತುಕೊಂಡು ಹೋದೋನು ಸತ್ತರೆ ನಿಮಗೆ ಆಕ್ಸಿಡೆಂಟು. ಗುಂಡು ತಿಂದು ಸತ್ತಿದ್ರೆ ನನ್ನ ಜೊತೆ ಫೋಟೋ ತೆಗೆಸಿಕೊಳ್ತಿದ್ರಿ. ಹೇಗೆ ಸತ್ತರೂ ಮನೆಗೆ ಬರೋ ಪೆಟ್ಟಿಗೆ ಒಂದೇ ಥರ ಇರುತ್ತೆ. ಅದನ್ನ ನಾನು ನೋಡಿದೀನಿ, ನೀವು ನೋಡಿಲ್ಲ."

ಗಿರೀಶ ಓಡಿಬಂದು ನನ್ನ ತೋಳು ಹಿಡಿದ. "ಸಾರಿ ಸರ್," ಎಂದ ಅವರಿಗೆ. "ಬಿಸಿಲಿಗೆ ದೊಡ್ಡಮ್ಮನಿಗೆ ಸ್ವಲ್ಪ ಸುಸ್ತಾಗಿದೆ."

ಮೋಹನ್ ಅಂದದ್ದಕ್ಕಿಂತ ಇದು ಹೆಚ್ಚು ಚುಚ್ಚಿತು. ನನಗೆ ಯಾವ ಸುಸ್ತೂ ಇರಲಿಲ್ಲ. ತೋಳು ಬಿಡಿಸಿಕೊಂಡು ಹೊರಗೆ ಹೋಗಿ ರಸ್ತೆಯಂಚಿನ ಕಟ್ಟೆಯ ಮೇಲೆ ಕೂತೆ. ಸ್ವಲ್ಪ ಹೊತ್ತಿಗೆ ಅನಿಕಾ ನೀರಿನ ಬಾಟಲಿ ಹಿಡಿದು ಬಂದು ಪಕ್ಕದಲ್ಲಿ ಕೂತಳು. ಹಿತ್ತಿಲಿನಿಂದ ಹಾಡು ಕೇಳಿಸಿತು.

ಎರಡೂವರೆಗೆ ಹೊರಟೆವು. ಫ್ರೀವೇಯಲ್ಲಿ ರಜೆ ಮುಗಿಸಿ ಮರಳುವವರ ಕಾರುಗಳು ಸಾಲುಗಟ್ಟಿದ್ದವು. ಸವಿತಾ ಕಿಟಕಿಯ ಕಡೆ ಮುಖ ಮಾಡಿದ್ದಳು. ಗಿರೀಶ ಸ್ಟೀರಿಂಗನ್ನು ಬಿಗಿಯಾಗಿ ಹಿಡಿದಿದ್ದ. ನಾಳೆ ಆಫೀಸಿನಲ್ಲಿ ಏನು ಹೇಳಬೇಕೆಂಬ ಚಿಂತೆ ಅವನ ಕುತ್ತಿಗೆಯಲ್ಲೇ ಕಾಣುತ್ತಿತ್ತು.

ಸ್ಯಾನ್ ಹೋಸೆ ಹತ್ತಿರ ಬಂದಾಗ ಅನಿಕಾ ತಡವರಿಸುತ್ತಾ ಕನ್ನಡದಲ್ಲಿ ಕೇಳಿದಳು: "ಅಜ್ಜಿ, ತಾತ ಹೆಸರು ಏನು?"

ಬೆಳಗಿನಿಂದ ಅಷ್ಟು ಜನ ಅವರ ವಿಷಯ ಮಾತಾಡಿದ್ದರು, ಯಾರೂ ಹೆಸರು ಕೇಳಿರಲಿಲ್ಲ. ಗಂಡನ ಹೆಸರನ್ನು ಬಾಯಲ್ಲಿ ಹೇಳುವ ರೂಢಿ ನನಗಿಲ್ಲ. ಅರ್ಜಿಗಳಲ್ಲಿ ಬರೆದೇ ಅಭ್ಯಾಸ. ಆದರೂ ಹೇಳಿದೆ. "ಪುಟ್ಟಸ್ವಾಮಿ."

"ಪುಟ್ಟಸ್ವಾಮಿ," ಎಂದು ಅವಳೂ ಹೇಳಿದಳು, ಇಂಗ್ಲಿಷಿನ ರಾಗದಲ್ಲಿ. ಆಮೇಲೆ ಎಲ್ಲವನ್ನೂ ಹೇಳಿದೆ. ಆ ಚಳಿಗಾಲ, ತಂತಿ ಬಂದ ಬೆಳಿಗ್ಗೆ, ಪೆಟ್ಟಿಗೆ ತೆರೆಯಬೇಡಿ ಎಂದದ್ದು, ತೆರೆಯದೆ ಸುಮ್ಮನಾದದ್ದು. ಅವಳಿಗೆ ಎಷ್ಟು ಅರ್ಥವಾಯಿತೋ ಗೊತ್ತಿಲ್ಲ, ನಡುವೆ ಒಂದು ಸಲವೂ ಫೋನು ನೋಡಲಿಲ್ಲ. ಗಿರೀಶ ರೇಡಿಯೊ ಆರಿಸಿದ.

ಮನೆಯ ಮುಂದೆ ಕಾರು ನಿಂತಿತು. ಗಿರೀಶನೇ ಇಳಿದು ಬಂದು ನನ್ನ ಕಡೆಯ ಬಾಗಿಲು ತೆರೆದ.

"ದೊಡ್ಡಮ್ಮ, ನಾನು ಹಾಗೆ ಹೇಳಬಾರದಿತ್ತು. ತಪ್ಪಾಯ್ತು."

ಪರವಾಗಿಲ್ಲಪ್ಪ ಎಂಬ ಮಾತು ನಾಲಿಗೆಯ ತುದಿಗೆ ಬಂತು. ಮೂವತ್ತು ವರ್ಷದಿಂದ ಎಲ್ಲರಿಗೂ ಅದನ್ನೇ ಹೇಳಿಕೊಂಡು ಬಂದಿದ್ದೇನೆ. ಈ ಸಲ ಹೇಳಲಿಲ್ಲ. ಅವನು ಬಾಗಿಲು ಹಿಡಿದುಕೊಂಡೇ ನಿಂತಿದ್ದ. ನಾನು ಇಳಿದು ಒಳಗೆ ನಡೆದೆ.