ಅಜ್ಜನ ಸ್ವೆಟರು ಹಿಡಿಸದ ಚೀಲ

ಹೊಸ ಚೀಲಗಳಿಗೊಂದು ವಾಸನೆ ಇರುತ್ತದೆ. ರಬ್ಬರು, ದಪ್ಪ ಬಟ್ಟೆ, ಗೋದಾಮಿನ ಧೂಳು ಎಲ್ಲ ಕೂಡಿದ ವಾಸನೆ. ವಾರವಿಡೀ ಫಾಸ್ಟರ್ ಸಿಟಿಯ ಲ್ಯಾಬಿನಲ್ಲಿ ನಿಂತು ಕಾಲು ಸೋತಿದ್ದರೂ ಹೋದ ಶನಿವಾರ ಮಗಳ ಜೊತೆ ಅಂಗಡಿಗೆ ಹೋಗಿದ್ದೆ. ಬರ್ಕ್ಲಿಯಲ್ಲಿ ಓದುವ ಅವಳು ಗೆಳತಿಯರೊಂದಿಗೆ ಮೊದಲ ಸಲ ಜಿಂಕೆ ಬೇಟೆಗೆ ಹೊರಟಿದ್ದಳು. ಬೆಳಿಗ್ಗೆ ಹೋಗಿ ಸಂಜೆ ಬರುವುದು, ಅಷ್ಟೆ. ಅವಳು ಹದಿನೈದು ಲೀಟರಿನ ಪುಟ್ಟ ಚೀಲವೊಂದನ್ನು ಹೆಗಲಿಗೇರಿಸಿ ಕನ್ನಡಿಯ ಮುಂದೆ ನಿಂತಳು. ನಾನು ಮೂವತ್ತರದನ್ನು ತೆಗೆದು ಅವಳ ಕೈಗಿಟ್ಟೆ. "ಅಮ್ಮಾ, ಇಟ್ಸ್ ಜಸ್ಟ್ ಒನ್ ಡೇ," ಎಂದಳು. ವಾದಿಸುವ ತ್ರಾಣ ನನ್ನಲ್ಲಿರಲಿಲ್ಲ. ಮೂಗಿಗೆ ಆ ವಾಸನೆ ಹೊಡೆದಿತ್ತು. ನಾನಾಗಲೇ ಹೇವರ್ಡಿನ ಹಳೆಯ ಅಪಾರ್ಟ್‌ಮೆಂಟಿನಲ್ಲಿದ್ದೆ, ಹತ್ತು ವರ್ಷದ ಹುಡುಗಿಯಾಗಿ.

ಆ ಮನೆಯಲ್ಲಿ ನಾವು ಮೂವರು. ಅವ್ವ ನನಗೆ ಐದು ತುಂಬುವ ಮೊದಲೇ ತೀರಿಕೊಂಡಿದ್ದಳು. ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಆಗಿದ್ದ ಅಪ್ಪನಿಗೆ ನನ್ನನ್ನೂ ಕೆಲಸವನ್ನೂ ಒಟ್ಟಿಗೆ ಸಂಭಾಳಿಸಲು ಆಗದಿದ್ದಾಗ, ಅವನ ಅಪ್ಪ ಯಾದಗಿರಿ ಕಡೆಯ ಊರು ಬಿಟ್ಟು, ಕಡಲು ದಾಟಿ ನಮ್ಮಲ್ಲಿಗೆ ಬಂದ. ಅಜ್ಜ ದಿನಾ ಜೋಳದ ರೊಟ್ಟಿ ಬಡಿಯುತ್ತಿದ್ದ. ಕೆಳಗಿನ ಮನೆಯವರು ಸೂರಿಗೆ ಕೋಲು ತಟ್ಟಿ ಆಕ್ಷೇಪಿಸುತ್ತಿದ್ದರು. ಹಿಟ್ಟಿನ ಕೈ ಒರೆಸಿಕೊಂಡು ನನಗೆ ಜಡೆ ಹಾಕುತ್ತಿದ್ದ, ಬಿಗಿಯಾಗಿ, ಹುಬ್ಬು ಮೇಲೇರುವಷ್ಟು. ಹುಡುಗನಾಗಿದ್ದಾಗ ಬೇಟೆಗಾರರ ಹಿಂದೆ ಗುಡ್ಡ ತಿರುಗಿದ ಕಥೆಗಳನ್ನು ಆಗ ಹೇಳುತ್ತಿದ್ದ. ಆ ಕಥೆ ಕೇಳುತ್ತಲೇ ಬೆಳೆದ ಅಪ್ಪ, ಇಲ್ಲಿ ಪರೀಕ್ಷೆ ಬರೆದು ಬೇಟೆಯ ಲೈಸೆನ್ಸು ತೆಗೆದುಕೊಂಡ. ಆಗಸ್ಟ್ ಬಂತೆಂದರೆ ಸಮುದ್ರದ ಕಡೆಯ ಗುಡ್ಡಗಳಲ್ಲಿ, ಪರಿಚಯದವರೊಬ್ಬರ ಹುಲ್ಲುಗಾವಲಿಗೆ ಹೋಗುತ್ತಿದ್ದ. ಮೂರು ವರ್ಷ ಬರಿಗೈಯಲ್ಲೇ ವಾಪಸಾದ.

ಮೊದಲು ಅವನು ಕೊಂಡದ್ದು ಭಾರೀ ಚೀಲ. ಒಳಗೆ ನೀರು, ಹಗ್ಗ, ಚಾಕು, ಎರಡು ಟಾರ್ಚು, ಔಷಧಿ ಡಬ್ಬಿ, ಮಳೆಯಂಗಿ, ಸಾಲದ್ದಕ್ಕೆ ಒಂದು ಪಾತ್ರೆ. ಮಧ್ಯಾಹ್ನದ ಹೊತ್ತಿಗೇ ಹೆಗಲು ಸೋತು ಗುಡ್ಡ ಇಳಿದುಬಿಡುತ್ತಿದ್ದ. ಅಜ್ಜ ನಗುತ್ತಿದ್ದ. "ಬ್ಯಾಟಿಗಿ ಹೊಂಟೀಯೋ, ಮನಿ ಖಾಲಿ ಮಾಡ್ಲಿಕತ್ತೀಯೋ?" ಆ ಮಾತು ಅಪ್ಪನಿಗೆ ಚುಚ್ಚಿರಬೇಕು. ನಾಲ್ಕನೆಯ ವರ್ಷ ಸಣ್ಣ ಚೀಲವೊಂದನ್ನು ತಂದ. ಆ ಸಲ ನಮ್ಮಿಬ್ಬರನ್ನೂ ಕರೆದುಕೊಂಡು ಹೋಗುವುದಾಗಿ ಹೇಳಿ, ಚೀಲ ತುಂಬುವ ಕೆಲಸವನ್ನು ನನಗೇ ವಹಿಸಿದ. ನೀರು, ರೊಟ್ಟಿ ಬುತ್ತಿ, ಚಾಕು, ಹಗ್ಗ, ಮಾಂಸ ಕಟ್ಟುವ ಬಟ್ಟೆ, ಮೇಲೆ ಅಜ್ಜನ ದಪ್ಪ ಉಣ್ಣೆಯ ಸ್ವೆಟರು. ಅಲ್ಲಿಗೆ ಚೀಲ ತುಂಬಿತು. ಆದರೆ ನನಗೆ ಅವ್ವನ ಕ್ಯಾಮೆರಾ ಒಯ್ಯಬೇಕಿತ್ತು. ತೊಗಲಿನ ಗಟ್ಟಿ ಪೆಟ್ಟಿಗೆಯಲ್ಲಿದ್ದ ಅದು ಏನು ಮಾಡಿದರೂ ಹಿಡಿಸಲಿಲ್ಲ. ಹೊರಗೆ ಬೆವರಿಳಿಸುವ ಸೆಕೆ. ಈ ಬಿಸಿಲಿಗೆ ಸ್ವೆಟರು ಯಾಕೆ ಎಂದುಕೊಂಡೆ. ಅದನ್ನು ಹಿರಿದು ನನ್ನ ಮಂಚದ ಕೆಳಗೆ ತಳ್ಳಿದೆ.

ಆ ದಿನ ಗುಡ್ಡದ ಮೇಲೆ ಹುಲ್ಲು ಒಣಗಿ ಬಂಗಾರದ ಬಣ್ಣಕ್ಕೆ ತಿರುಗಿತ್ತು. ಓಕ್ ಮರದ ನೆರಳಲ್ಲಿ ರೊಟ್ಟಿ ತಿಂದೆವು. ಅಜ್ಜ ಹೆಜ್ಜೆಗುರುತು ತೋರಿಸಿ ಪಿಸುಗುಟ್ಟುತ್ತಿದ್ದ. ಅಪ್ಪ ಮಗುವಿನಂತೆ ತಲೆಯಾಡಿಸುತ್ತಿದ್ದ. ಇಳಿಹೊತ್ತಿಗೆ ಸಮುದ್ರದ ಕಡೆಯಿಂದ ಮಂಜು ಏರಿ ಬಂತು. ನೋಡನೋಡುತ್ತಿದ್ದಂತೆ ಗಾಳಿ ತಣ್ಣಗಾಗಿ, ತೆಳು ಅಂಗಿಯಲ್ಲಿದ್ದ ಅಜ್ಜ ನಡುಗತೊಡಗಿದ. "ಯಪ್ಪಾ, ಸ್ವೆಟರ್ ಹಾಕ್ಕೋ," ಎಂದ ಅಪ್ಪ, ಕಣ್ಣನ್ನು ಎದುರಿನ ಇಳಿಜಾರಿನಿಂದ ಕೀಳದೆ. ಅಲ್ಲಿ ಕವಲುಗೊಂಬಿನ ಗಂಡು ಜಿಂಕೆಯೊಂದು ಪೊದೆಯಿಂದ ಹೊರಬಂದು ನಿಂತಿತ್ತು. ಅಜ್ಜ ಚೀಲದೊಳಗೆ ಕೈಯಿಟ್ಟು ತಡಕಾಡಿದ. ಕ್ಯಾಮೆರಾ ಪೆಟ್ಟಿಗೆ ಅರ್ಧ ಹೊರಗೆ ಬಂತು. ಅದನ್ನೊಮ್ಮೆ, ನನ್ನನ್ನೊಮ್ಮೆ ನೋಡಿ ಮೆಲ್ಲಗೆ ಒಳಗೆ ಸೇರಿಸಿದ. "ನಾನೇ ಮರತು ಬಂದೀನೋ. ವಯಸ್ಸಾತು," ಎಂದ. ಆಮೇಲೆ ಕೆಮ್ಮು ಬಂತು. ಬಾಯಿಗೆ ಅಂಗೈ ಒತ್ತಿ ತಡೆದ, ಜಿಂಕೆ ಬೆದರಬಾರದೆಂದು. ಅಪ್ಪ ತಿರುಗಿ ನೋಡಿದ. ಅಜ್ಜನ ತುಟಿ ನೀಲಿಗಟ್ಟಿತ್ತು. ಅಪ್ಪ ಬಂದೂಕಿನಿಂದ ಗುಂಡು ಹೊರತೆಗೆದು, ತನ್ನ ಜಾಕೆಟ್ಟು ಬಿಚ್ಚಿ ಅಜ್ಜನಿಗೆ ತೊಡಿಸಿದ. "ಹೊಡಿಯೋ, ನಿಂತದಲ್ಲೋ," ಎಂದು ಅಜ್ಜ ಗೋಗರೆಯುತ್ತಲೇ ಇದ್ದ. ಅಪ್ಪ ಅವನ ರಟ್ಟೆ ಹಿಡಿದು ಇಳಿಜಾರು ಇಳಿಸತೊಡಗಿದ.

ಅಜ್ಜ ಒಂದು ವಾರ ಆಸ್ಪತ್ರೆಯಲ್ಲಿದ್ದ. ಎದೆಯಲ್ಲಿ ಕೂತ ಕೆಮ್ಮು ಪೂರ್ತಿ ಬಿಡಲೇ ಇಲ್ಲ. ಎರಡು ವರ್ಷ ಬದುಕಿದ. ರೊಟ್ಟಿ ಬಡಿಯುವಾಗ ನಡುನಡುವೆ ನಿಂತು ಉಸಿರು ತೆಗೆದುಕೊಳ್ಳುತ್ತಿದ್ದ. ಅಪ್ಪ ಮತ್ತೆ ಬೇಟೆಗೆ ಹೋಗಲಿಲ್ಲ. ಮಂಚದ ಕೆಳಗಿನ ಸ್ವೆಟರು ಒಂದು ದಿನ ಕಾಣೆಯಾಗಿತ್ತು. ಅಜ್ಜನೇ ತೆಗೆದಿಟ್ಟಿರಬೇಕೆಂದುಕೊಂಡೆ. ಕೇಳುವ ಧೈರ್ಯವಾಗಲಿಲ್ಲ. ಬಾಲ್ಯದ ಒಂದು ತಪ್ಪನ್ನು ಹೀಗೆ ಯಾರಿಗೂ ಹೇಳದೆ ಹೊತ್ತು ನಡೆದವರು ನಿಮ್ಮಲ್ಲೂ ಇರಬಹುದು. ಅದು ಹಗುರಾಗುವುದಿಲ್ಲ, ನಾವು ದಣಿಯುತ್ತೇವೆ.

ಹೋದ ವರ್ಷ, ಅಪ್ಪನ ಕೊನೆಯ ದಿನಗಳಲ್ಲಿ, ಒಂದು ಮಧ್ಯಾಹ್ನ ಗಂಜಿ ಕುಡಿಸುತ್ತ ಎಲ್ಲ ಹೇಳಿಬಿಟ್ಟೆ. ಅವನು ಕಣ್ಣು ತೆರೆಯದೆ ಕೇಳಿಸಿಕೊಂಡ.

"ಗೊತ್ತದವ್ವಾ," ಎಂದ. "ಮರುದಿನಾನೇ ಕಸ ಹೊಡಿಯೋವಾಗ ಸಿಕ್ಕಿತ್ತು. ಒಗದು ಮಡಚಿ ಇಟ್ಟೆ."

"ಅಜ್ಜಗ ಹೇಳಿದ್ಯಾ?"

"ಇಲ್ಲ. ಅವಂಗ ತಿಳಿದ್ರ ಸಂಕಟ ಆಗ್ತದಂತ ಸುಮ್ನಿದ್ದೆ."

ಅಜ್ಜನಿಗೆ ಗುಡ್ಡದ ಮೇಲೆಯೇ ತಿಳಿದಿತ್ತು ಎಂದೆ. ಅಪ್ಪನ ಕಣ್ಣಂಚಿನಿಂದ ನೀರಿಳಿದು ದಿಂಬಿಗೆ ಸೇರಿತು. ಅಜ್ಜ ಅಪ್ಪನಿಗೆ ಹೇಳಿರಲಿಲ್ಲ, ಅಪ್ಪ ಅಜ್ಜನಿಗೆ ಹೇಳಿರಲಿಲ್ಲ, ಇಬ್ಬರೂ ನನಗೆ ಹೇಳಿರಲಿಲ್ಲ. ಎರಡು ವರ್ಷ ನಾವು ಮೂವರೂ ಆ ಒಂದೇ ಮಾತನ್ನು ನುಂಗಿಕೊಂಡು, ಹೇವರ್ಡಿನ ಆ ಇಕ್ಕಟ್ಟು ಅಡುಗೆಮನೆಯಲ್ಲಿ ಮೊಣಕೈಗೆ ಮೊಣಕೈ ತಾಗಿಸಿಕೊಂಡು ಉಂಡಿದ್ದೆವು.